ಶುರು ಮಾಡೋಣವೇ ಎಂದು ಕೇಳುವ ಕೆಲಸ

ಸೈರನ್ ಕೂಗಿ ನಿಂತಿತು. ಉದ್ದನೆಯ ಶೆಡ್ಡಿನಲ್ಲಿ ಸಾಲಾಗಿ ಕೂತಿದ್ದ ಹೆಂಗಸರಲ್ಲಿ ಒಬ್ಬರೂ ಕೈ ಆಡಿಸಲಿಲ್ಲ. ಮುಂದೆ ಚಿಪ್ಪು ಬಿಡಿಸಿದ ತೆಂಗಿನಕಾಯಿಗಳ ರಾಶಿ, ಕೈಗಳು ಮಡಿಲಲ್ಲಿ. ಮುಖದಲ್ಲಿ ಸಿಟ್ಟಿರಲಿಲ್ಲ, ಬಸ್ಸಿಗೆ ಕಾಯುವವರ ಹಾಗೆ ಕೂತಿದ್ದರು. ಅರಸೀಕೆರೆಯ ಹೊರಗಿನ ಈ ತೆಂಗಿನ ತುರಿ ಕಾರ್ಖಾನೆಯಲ್ಲಿ ಅದು ನನ್ನ ಮೊದಲ ವಾರ. ಮೊದಲ ದಿನ ಎಂದು ಬರೆಯಲು ಮನಸ್ಸಾಗುತ್ತದೆ, ಆದರೆ ಆ ದಿನ ಗೇಟ್‌ಪಾಸಿಗಾಗಿ ಅಲೆದದ್ದಷ್ಟೇ ನೆನಪು.

"ಸ್ಟ್ರೈಕ್ ಮಾಡ್ತಿದ್ದಾರೆ," ಎಂದರು ಹೊಸ ಮ್ಯಾನೇಜರ್. ಊರಿನ ಯಜಮಾನರಿಂದ ಬೆಂಗಳೂರಿನ ಕಂಪನಿ ಈ ಕಾರ್ಖಾನೆಯನ್ನು ಕೊಂಡಾಗ ಬಂದವರು. ಧಾರವಾಡದಲ್ಲಿ ಮ್ಯಾನೇಜ್‌ಮೆಂಟ್ ಓದಿದ ನನ್ನನ್ನು ಸಿಬ್ಬಂದಿ ವಿಭಾಗಕ್ಕೆ ಆರಿಸಿದವರೂ ಅವರೇ.

ಸಂಜೆ ನನ್ನ ಬಾಡಿಗೆ ಕೋಣೆಯ ಒಡತಿ ಗಂಗಮ್ಮನನ್ನು ಕೇಳಿದೆ. ಅವರೂ ಅದೇ ಶೆಡ್ಡಿನಲ್ಲಿ ಕಾಯಿಯ ಕಂದು ಸಿಪ್ಪೆ ಹೆರೆಯುವವರು.

"ಸ್ಟ್ರೈಕೂ ಇಲ್ಲ, ಏನೂ ಇಲ್ಲ. ಯಜಮಾನ್ರು ದಿನಾ ಬಂದು 'ಶುರು ಮಾಡನಾ?' ಅಂತ ಕೇಳೋರು. ನಾವು 'ಮಾಡನ' ಅಂದ್ಮೇಲೇ ಕಾಯಿಗೆ ಕೈ ಹಾಕೋದು. ಈಗ ಯಾರ್ ಕೇಳ್ತಾರೆ? ಆ ಪೀಪಿನಾ?"

ಮ್ಯಾನೇಜರ್ ಇದನ್ನು ಕೇಳಿ ನಕ್ಕರು. "ಹಾಗಾದ್ರೆ ನೀವೇ ಕೇಳಿ ಮೇಡಂ."

ಮರುದಿನ ಶೆಡ್ಡಿನ ನಡುವೆ ನಿಂತು, "ಚಾಲೂ ಮಾಡೋಣೇನ್ರಿ?" ಎಂದೆ. ಕೊನೆಯ ಸಾಲಿನಿಂದ ಒಬ್ಬಳು, "ಈಯಮ್ಮ ಬಸ್ ಬಿಡ್ತಾವ್ಳೆ ಕಣ್ರೇ!" ಎಂದಳು. ಇಲ್ಲಿ ಚಾಲೂ ಮಾಡುವುದು ಗಾಡಿಯನ್ನು ಮಾತ್ರವಂತೆ, ಶೆಡ್ಡಿಗೆ ಶೆಡ್ಡೇ ನಕ್ಕಿತು. ಆಮೇಲೆ, "ಮಾಡನ ಕಣವ್ವ."

ನಾನು ಓದುವಾಗ ನಾಯಕತ್ವ, ಬದಲಾವಣೆ, ನಿಷ್ಠೆ ಬೇರೆ ಬೇರೆ ಅಧ್ಯಾಯಗಳಾಗಿದ್ದವು. ಇಲ್ಲಿ ಮೂರೂ ಒಂದು ಪ್ರಶ್ನೆಯೊಳಗೆ ಕೂತಿದ್ದವು.

ನಮ್ಮ ಕಡೆ ಸಂಜೆಯಾದರೆ ರೊಟ್ಟಿ ಬಡಿಯುವ ಸದ್ದು. ಇಲ್ಲಿ ಮುದ್ದೆ ಸದ್ದಿಲ್ಲದೆ ತಟ್ಟೆಗೆ ಬರುತ್ತದೆ, ಜೊತೆಗೆ ಬಸ್ಸಾರು: ಬೇಯಿಸಿದ ಸೊಪ್ಪು ಕಾಳಿನ ನೀರನ್ನು ಬಸಿದು, ಖಾರ ಅರೆದು ಹಾಕಿ ಮಾಡುವ ಸಾರು. "ಅಗೀಬ್ಯಾಡ ಕಣವ್ವ, ನುಂಗು," ಎಂದು ಗಂಗಮ್ಮ ಎದುರೇ ಕೂತು ಕಲಿಸಿದರು. ನುಂಗಿದ ದಿನ ಮನೆಗೆ ಫೋನ್ ಮಾಡಿ ಹೇಳಿದೆ. ಅವ್ವ ಕೇಳಿದ್ದು, "ಬೇಲೂರು, ಹಳೇಬೀಡು ನೋಡಿದೇನು?" ಬಸ್ ನಿಲ್ದಾಣದಲ್ಲಿ ಹಳೇಬೀಡಿನ ಬೋರ್ಡು ನೋಡಿದ್ದೇನೆ, ಅಷ್ಟೇ. ಭಾನುವಾರ ಬಂದರೆ ಕೋಣೆಯಲ್ಲೇ ಮಲಗಿರುತ್ತೇನೆ.

ಕೆಲಸ ಚುರುಕಾಯಿತು. ಕಾಯಿಯ ಲೋಡು ತಡವಾಗಿ ಬಂದರೂ ಹೆಂಗಸರು ನಿಂತು ಮುಗಿಸಿದರು. ಅದು ನನ್ನಿಂದಲೇ ಎಂದು ಆಗ ನಂಬಿದ್ದೆನೋ, ಈಗ ನಂಬುತ್ತಿದ್ದೇನೋ ತಿಳಿಯದು. ಮ್ಯಾನೇಜರ್ ಮಾತ್ರ ನಂಬಿದರು. ಒಂದು ದಿನ ಕರೆದು, "ಸಿಪ್ಪೆ ತೆಗೆಯೋ ಮೆಷಿನ್ ಬರ್ತಿದೆ. ಅರ್ಧ ಜನ ಸಾಕು. ಬರೋವರೆಗೂ ಇದೇ ಸ್ಪೀಡ್ ಇರ್ಲಿ. ನಿಮ್ಮ ಮಾತು ಕೇಳ್ತಾರಲ್ಲ. ವಿಷಯ ಹೊರಗೆ ಹೋಗ್ಬಾರ್ದು," ಎಂದರು.

ಕೆಲಸ ಬಿಟ್ಟು ಹೋಗಬಹುದಿತ್ತು ಎನ್ನುತ್ತೀರಿ. ಎರಡು ವರ್ಷದ ಬಾಂಡ್ ಇದೆ, ನನ್ನ ಮೂಲ ಅಂಕಪಟ್ಟಿಗಳು ಆಫೀಸಿನ ಕಪಾಟಿನಲ್ಲಿವೆ. ದಿನವೂ ಬೆಳಿಗ್ಗೆ ಹೋಗಿ ಕೇಳುತ್ತಿದ್ದೆ. ಅವರು ಮಾಡನ ಎನ್ನುತ್ತಿದ್ದರು. ರಾತ್ರಿ ಗಂಗಮ್ಮ ತುಪ್ಪ ಬಡಿಸುತ್ತಿದ್ದರು.

ಕೊನೆಗೊಂದು ದಿನ ಊಟದ ಮುಂದೆ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಗಂಗಮ್ಮ ತುಪ್ಪದ ಬಟ್ಟಲಿಗೆ ಮುಚ್ಚಳ ಹಾಕಿದರು.

"ಹೇಳಿ ನೀನು ಹಗುರ ಆದೆ. ನಾವಿನ್ನು ಎಂಗೆ ಕೈ ಆಡ್ಸದು, ಹೇಳು?"

ಮರುದಿನ ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಮೇಲಿನ ಗಾಜಿನ ಕೋಣೆಯಲ್ಲಿ ಮ್ಯಾನೇಜರ್ ನಿಂತಿದ್ದರು. ನಾನು ಕೇಳಿದೆ. ಯಾರೂ ಕಾಯಿಗೆ ಕೈ ಹಾಕಲಿಲ್ಲ.

"ಯಾರ್ ಪರವಾಗಿ ಕೇಳ್ತಿದ್ದೀಯ ಅನ್ನೋದು ಹೇಳವ್ವ," ಎಂದರು ಗಂಗಮ್ಮ. "ಆಮೇಲೆ ಮಾಡನ."

'ನಿಮ್ಮ ಪರವಾಗಿ' ಎಂದೆ ಎಂದು ನೆನಪು ಈಗಾಗಲೇ ನನಗೆ ಹೇಳತೊಡಗಿದೆ. ಅದನ್ನು ನಂಬಬೇಡಿ. ನಾನು ಬಾಯಿ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಗಂಗಮ್ಮ ಅಕ್ಕಪಕ್ಕದವರ ಕಡೆ ತಿರುಗಿ, "ಶುರು ಮಾಡನಾ?" ಎಂದರು. ಅವರು, "ಮಾಡನ," ಎಂದರು. ಸುತ್ತ ಸಿಪ್ಪೆ ಉದುರತೊಡಗಿತು. ನಾನು ಮೇಲಿನ ಕೋಣೆಗೂ ಹೋಗದೆ, ಸಾಲಿನಲ್ಲೂ ಕೂರದೆ ನಡುವೆ ನಿಂತಿದ್ದೆ.