ಬಾಯಿ ಬಿಡದ ಕಡ್ಡಿ

ಗಾಳಿಗೂ ಜ್ವರ ಬರುತ್ತದೆಂದು ನನಗೆ ಕಲಿಸಿದವರು ನನ್ನ ಚಿಕ್ಕಮ್ಮ. ದೇವರಾಯಸಮುದ್ರದ ಮನೆಯ ಹಿತ್ತಲಲ್ಲಿರುವ ರೇಷ್ಮೆ ಹುಳುಮನೆಯ ಬಾಗಿಲಲ್ಲಿ ನಿಂತು, ಮುಂಗೈಯನ್ನು ಒಳಗೆ ಚಾಚಿ, ಮಗುವಿನ ಹಣೆ ಮುಟ್ಟಿದವರಂತೆ ನೋಡಿ, "ಧಗೆ ಜಾಸ್ತಿ, ಗೋಣಿಚೀಲ ನೆನೆಸಿ ಕಟ್ಟಬೇಕು" ಎಂದು ತೀರ್ಪು ಕೊಡುತ್ತಿದ್ದರು. ನೀವು ನಂಬಿ, ಬಿಡಿ, ಆ ತೀರ್ಪು ತಪ್ಪಿದ್ದನ್ನು ನಾನು ಕಂಡಿಲ್ಲ.

ಈ ಬೇಸಿಗೆಯಲ್ಲಿ ಮಾತ್ರ ಅವರು ಹಿತ್ತಲಿಗೆ ಹೋಗುವುದೇ ಕಡಿಮೆಯಾಗಿ, ಒಂದು ಮಧ್ಯಾಹ್ನದ ಸೆಕೆಗೆ ಎರಡು ತಟ್ಟೆ ಹುಳು ಸತ್ತವು. ಫೋನಿನಲ್ಲಿ ಅವರ ದನಿ ಕುಗ್ಗಿದ್ದನ್ನು ಕೇಳಿ, ಕೋಲಾರದ ಕಾಲೇಜಿನಲ್ಲಿ ಗಣಿತ ಹೇಳಿಕೊಡುವ ನಾನು, ಲ್ಯಾಪ್‌ಟಾಪಿಗೆ ಯುಎಸ್‌ಬಿ ತಂತಿಯಲ್ಲಿ ಜೋಡಿಸುವ ಉಷ್ಣಮಾಪಕದ ಕಡ್ಡಿಯೊಂದನ್ನು ಕೊಂಡು, ಭಾನುವಾರ ಮುಳಬಾಗಿಲಿನ ಬಸ್ಸು ಹತ್ತಿದೆ. ಧಗೆ ಏರಿದ ಕೂಡಲೆ, ತೋಟದಲ್ಲಿರುವ ಚಿಕ್ಕಪ್ಪನ ಫೋನಿಗೆ ಸಂದೇಶ ಹೋಗಬೇಕೆಂಬುದು ನನ್ನ ಲೆಕ್ಕ.

ಕಡ್ಡಿಯ ಜೊತೆ ಬಂದ ತಂತ್ರಾಂಶ, ಅಲ್ಲೇ ಬಿಟ್ಟುಬರಲೆಂದು ಒಯ್ದಿದ್ದ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ತೆರೆಯಲೇ ಇಲ್ಲ. ಸರಿ, ಪೈಥಾನ್ ಭಾಷೆಯಲ್ಲಿ ನಾಲ್ಕು ಸಾಲು ಪ್ರೋಗ್ರಾಂ ಬರೆದು ನೇರವಾಗಿ ಅದರೊಡನೆಯೇ ಮಾತಾಡೋಣವೆಂದು ಹುಳುಮನೆಯ ಮೆಟ್ಟಿಲ ಮೇಲೆ ಕೂತೆ. ಕಡ್ಡಿ ತನ್ನ ಗುರುತಿನ ಸಂಖ್ಯೆಯನ್ನೇನೋ ಹೇಳಿತು. ಉಷ್ಣಾಂಶ ಓದಹೊರಟರೆ ಮಾತ್ರ ಮೌನ. ಕಾದು ಕಾದು, ಪ್ರತಿ ಸಲವೂ ಸಮಯ ಮೀರಿತೆಂಬ ಒಂದೇ ಒಕ್ಕಣೆ. ಮದುವೆಗೆ ಬಂದ ಬೀಗರ ಬಿಗುಮಾನಕ್ಕಾದರೂ ಒಂದು ಮಿತಿಯಿದೆ!

ಪಕ್ಕದಲ್ಲಿ ಕೂತಿದ್ದ ಚಿಕ್ಕಮ್ಮ ಕೇಳಿದರು: "ಏನಂತೇ ಅದಕ್ಕೆ?"

"ಬಾಯೇ ಬಿಡ್ತಿಲ್ಲ ಚಿಕ್ಕಮ್ಮ. ಆಗ್ಲಿಂದ ಕಾಯ್ತಾ ಇದೀನಿ."

"ಸುಮ್ನೆ ಕಾಯ್ತಾ ಕೂತ್ರೆ? ಏನು ಬೇಕು ಅಂತ ಕೇಳಿದ್ಯಾ? ಅಡಗಂದೇ ಅಮ್ಮೈನಾ ಪೆಟ್ಟದು ಕಣೇ. ಕೇಳ್ದೆ ಹೆತ್ತಮ್ಮನೂ ಬಡಿಸಲ್ಲ."

ನಮ್ಮ ಗಡಿ ಸೀಮೆಯಲ್ಲಿ ಗಾದೆಗೆ ತೆಲುಗೇ ಚೆನ್ನ. ನಗುತ್ತಲೇ ಕೈಪಿಡಿ ತಿರುವಿದರೆ, ಕೊನೆಯ ಪುಟದ ಇರುವೆಯಕ್ಷರಗಳಲ್ಲಿ ಅದೇ ಮಾತು: ಮೊದಲು ಎಂಟು ಬೈಟುಗಳ ಕೋರಿಕೆ ಕಳಿಸಬೇಕು, ಉತ್ತರ ಆಮೇಲೆ. ಕಳಿಸಿದೆ. ಪರದೆಯ ಮೇಲೆ 3310 ಮೂಡಿತು. ನೂರರಿಂದ ಭಾಗಿಸಿ, ಮೂವತ್ತಮೂರು ಡಿಗ್ರಿ ದಾಟಿದೆ ಎಂದೆ.

"ಅಯ್ಯೋ, ಹುಳ ಬೆಂದೋಗ್ತವೆ! ಏಳು, ಚೀಲ ನೆನೆಸೋಣ" ಎಂದು ಎದ್ದ ಚಿಕ್ಕಮ್ಮ ಬಾಗಿಲ ಚೌಕಟ್ಟು ಹಿಡಿದು, ಇನ್ನೊಂದು ಕೈಯಿಂದ ಮಂಡಿ ಒತ್ತಿ, ಹಾಗೆಯೇ ನಿಂತುಬಿಟ್ಟರು. ಅವರನ್ನು ಕೂರಿಸಿ, ಚಿಕ್ಕಪ್ಪನನ್ನು ಫೋನಿನಲ್ಲಿ ಕರೆಸಿ, ಇಬ್ಬರೂ ಸೇರಿ ಕಿಟಕಿಗಳಿಗೆಲ್ಲ ಒದ್ದೆ ಚೀಲ ಕಟ್ಟಿದೆವು. ಅಂಕಿ ನಿಧಾನವಾಗಿ ಇಳಿಯತೊಡಗಿದ ಮೇಲೆ ಬಂದು ಅವರ ಪಕ್ಕ ಕೂತೆ.

"ಮಂಡಿ ನೋವಾ ಚಿಕ್ಕಮ್ಮ?"

"ಯುಗಾದಿಯಿಂದ ಕಣೇ. ಮೆಟ್ಲು ಇಳಿಯಕ್ಕೇ ಆಗ್ತಿಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನೆಲ್ಲಿ ಕೇಳ್ದೆ?"

ಅದರಲ್ಲಿ ದೂರಿನ ಸುಳಿವೂ ಇರಲಿಲ್ಲ. ಅದಕ್ಕೇ ಹೆಚ್ಚು ತಾಗಿತು. ವಾರವಾರವೂ ಫೋನಿನಲ್ಲಿ "ಚೆನ್ನಾಗಿದ್ದೀರಾ" ಎನ್ನುತ್ತಿದ್ದೆ, ನಿಜ. ಅದು ಪ್ರಶ್ನೆಯಲ್ಲ, ಶಿಷ್ಟಾಚಾರ. ಉತ್ತರವೂ ಶಿಷ್ಟವಾಗಿಯೇ ಬರುತ್ತಿತ್ತು.

ಉಳಿದ ಹುಳುಗಳೆಲ್ಲ ಗೂಡು ಕಟ್ಟಿದವು. ಮರುವಾರ ಕೋಲಾರದ ಮೂಳೆ ವೈದ್ಯರು ಚಿಕ್ಕಮ್ಮನನ್ನು ಎದುರು ಕೂರಿಸಿಕೊಂಡು, "ಏನಮ್ಮಾ, ಎಲ್ಲಿ ನೋವು?" ಎಂದರು. ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು, ಯುಗಾದಿಯ ಬೆಳಗಿನಿಂದ ಶುರುಮಾಡಿದರು. ವೈದ್ಯರು ಪೆನ್ನು ಕೆಳಗಿಟ್ಟರು. ನಾನು ಫೋನನ್ನು ಚೀಲಕ್ಕೆ ಹಾಕಿ, ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ.