ಇಶ್ಬೆಲ್‌ಳ ನಾಲ್ಕನೇ ಕ್ಯೂಬು

ಇಶ್ಬೆಲ್ ಗೆಡ್ಡಿಸ್ ಹಟಮಾರಿ ಅಂತ ಗ್ಲಾಸ್ಗೋದ ನಮ್ಮ ಕಾಂಕ್ರೀಟ್ ಲ್ಯಾಬಿನಲ್ಲಿ ಎಲ್ಲರೂ ಗೊಣಗುತ್ತಿದ್ದರು. ಹೌದು, ಹಟಮಾರಿಯೇ. ಏನೀಗ? ಈ ಲ್ಯಾಬಿನ ಯಂತ್ರಗಳನ್ನು ನೋಡಿಕೊಳ್ಳುವ ರೋನಾ ನಾನು. ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಕೋಲೆಬಸವರು ಇಲ್ಲಿ ಬೇಕಾದಷ್ಟು ಬಂದು ಹೋಗಿದ್ದಾರೆ. ಅವರಲ್ಲಿ ಒಬ್ಬರ ಹೆಸರೂ ನನಗೆ ನೆನಪಿಲ್ಲ.

ಕಡಲ ತೀರದ ಓಬನ್ ಕಡೆಯ ಹುಡುಗಿ. ಅಪ್ಪನ ಹಳದಿ ರಬ್ಬರ್ ಬೂಟು ಹಾಕಿಕೊಂಡೇ ಲ್ಯಾಬಿಗೆ ಬರುತ್ತಿದ್ದಳು. ಅಪ್ಪ ಕಡಲಿಗೆ ಹಗ್ಗ ಇಳಿಬಿಟ್ಟು ಚಿಪ್ಪುಮೀನು ಬೆಳೆಸುವವನು. ಮಾಂಸ ಬಿಡಿಸಿದ ಚಿಪ್ಪು ಊರ ಹಿಂದೆ ಗುಡ್ಡೆ ಬಿದ್ದು ನಾರುತ್ತಿತ್ತು. ಇಂಜಿನಿಯರಿಂಗಿನ ಕೊನೆಯ ವರ್ಷ ಒಬ್ಬೊಬ್ಬರೂ ತಮ್ಮದೇ ಒಂದು ಸಂಶೋಧನೆ ಮಾಡಬೇಕಲ್ಲ, ಇವಳು ಆ ಚಿಪ್ಪನ್ನೇ ಪುಡಿ ಮಾಡಿ, ಮರಳಿನ ಬದಲು ಕಾಂಕ್ರೀಟಿಗೆ ಹಾಕುತ್ತೇನೆ ಅಂದಳು. ಗೆದ್ದರೆ ಊರಿನ ಹೊಸ ಬಂದರುಕಟ್ಟೆಗೆ ಅದೇ ಕಾಂಕ್ರೀಟು. ಅಪ್ಪ ಆಗಲೇ ಊರೆಲ್ಲ ಡಂಗುರ ಸಾರಿದ್ದ.

ಗೆಲ್ಲಲಿಲ್ಲ. ಪರೀಕ್ಷೆಗೆಂದು ಅಚ್ಚು ಹೊಯ್ದ, ನೀರಿನ ತೊಟ್ಟಿಯಲ್ಲಿ ನೆನೆದು ಗಟ್ಟಿಯಾಗಿರಬೇಕಿದ್ದ ಕಾಂಕ್ರೀಟ್ ಕ್ಯೂಬುಗಳನ್ನು ಒತ್ತುವ ಯಂತ್ರಕ್ಕಿಟ್ಟರೆ, ಚಿಪ್ಪು ಕಡಿಮೆ ಇದ್ದವು ತಡೆದುಕೊಂಡವು, ಚಿಪ್ಪು ಹೆಚ್ಚಿದ್ದ ಮೂರೂ ತಡೆಯಬೇಕಾದ ಭಾರದ ಅರ್ಧಕ್ಕೇ ಪುಡಿಯಾದವು.

ಅವಳ ಮಾರ್ಗದರ್ಶಿ ಡಾಕ್ಟರ್ ಕಿನ್ನಿಯರ್. ಹೋದ ವರ್ಷ ದೊಡ್ಡ ಸಭೆಯಲ್ಲಿ ಚಿಪ್ಪಿನ ಕಾಂಕ್ರೀಟನ್ನು ಹಾಡಿ ಹೊಗಳಿ ಬಂದವರು. ಒಡೆದ ಚೂರುಗಳನ್ನು ನೋಡಿ ಮುಖ ಹಿಂಡಿದರು.

"ಕರಣೆ ಮುಖ ಮೇಲೆ ಮಾಡಿ ಇಟ್ಟಿದ್ದೀಯ, ಇಶ್ಬೆಲ್. ಮೊದಲ ವರ್ಷದೋರು ಮಾಡೋ ತಪ್ಪು."

ಕರಣೆಯಿಂದ ತೀಡಿದ ಮುಖ ಸಮ ಇರುವುದಿಲ್ಲ. ಅದನ್ನು ಪಕ್ಕಕ್ಕೆ ತಿರುಗಿಸಿ ಇಡಬೇಕು, ಇಲ್ಲದಿದ್ದರೆ ಕ್ಯೂಬು ಸುಮ್ಮಸುಮ್ಮನೆ ಬೇಗ ಒಡೆಯುತ್ತದೆ. ಹಾಗೆ ಇಟ್ಟು ಸಿಕ್ಕಿಬಿದ್ದವರು ಲ್ಯಾಬಿಗೆಲ್ಲ ಹಂದಿಮಾಂಸದ ಬೇಕನ್ ಬನ್ನು ತಂದು ಕೊಡಬೇಕು. ನಮ್ಮಲ್ಲಿ ಅದೇ ದಂಡ.

"ಆ ತಪ್ಪು ಮಾಡಿದ್ರೆ ಬನ್ನು ತರ್ತಿದ್ದೆ, ಡಾಕ್ಟ್ರೇ. ರೋನಾನ್ನ ಕೇಳಿ."

"ಒಂದು ಚೂರೂ ತಂದಿಲ್ಲ," ಅಂದೆ.

"ಆ ಮೂರನ್ನ ಕೈಬಿಡು," ಅಂದರು ಅವರು. "ಉಳಿದದ್ದು ಬರಿ. ಫಸ್ಟ್ ಕ್ಲಾಸ್ ಗ್ಯಾರಂಟಿ. ನಿಮ್ಮಪ್ಪನ ಚಿಪ್ಪೇ ಅಲ್ವೇನಮ್ಮ? ನಿಂಗೇ ಬೇಡ್ವಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಹುಡುಗಿಯ ಮುಖವಂತೂ ಕೆಂಪಾಗಿ, ಕಣ್ಣು ತುಂಬಿತು.

"ಬೇಕು! ನನಗಿಂತ ಯಾರಿಗೆ ಬೇಕು? ಆದ್ರೆ ಆ ಕಟ್ಟೆ ಮೇಲೆ ದಿನಾ ನಿಲ್ಲೋನು ನಮ್ಮಪ್ಪ. ಕಟ್ಟೆ ಕುಸಿದ್ರೆ ನೀರಿಗೆ ಬೀಳೋನು ಅವನು, ನೀವಲ್ಲ!"

"ಹಟ ಮಾಡಬೇಡ. ಡಿಗ್ರಿ ಕೆಡುತ್ತೆ."

"ಕೆಡಲಿ ಬಿಡಿ!"

ದಡದಡ ತೊಟ್ಟಿಗೆ ಹೋದಳು. ಅದೇ ಚಿಪ್ಪಿನ ಕ್ಯೂಬು ಇನ್ನೊಂದು ಉಳಿದಿತ್ತು. ನೀರು ಸೋರುತ್ತಿದ್ದ ಅದನ್ನು ಎತ್ತಿ ತಂದು, ಕಿನ್ನಿಯರ್ ಅವರ ಇಸ್ತ್ರಿ ಕೋಟಿನ ಎದೆಗೇ ಒಪ್ಪಿಸಿಬಿಟ್ಟಳು.

"ತಗೊಳ್ಳಿ, ನೀವೇ ಇಡಿ. ಯಾವ ಮುಖ ಬೇಕೋ ಆ ಮುಖ ಮಾಡಿ."

ಹಿಂದೆ ಸರಿಯುವ ಹಾಗಿಲ್ಲ, ನಾನು ನೋಡುತ್ತಾ ನಿಂತಿದ್ದೆ. ಕಿನ್ನಿಯರ್ ತಿರುಗಿಸಿದರು, ಬಗ್ಗಿ ನೋಡಿದರು, ಕರಣೆ ಮುಖವನ್ನು ಸರಿಯಾಗಿ ಪಕ್ಕಕ್ಕೇ ಮಾಡಿ ಇಟ್ಟರು. ಯಂತ್ರದ ಬಾಗಿಲು ಹಾಕಿ ಗುಂಡಿ ಒತ್ತಿದರು. ಭಾರ ತೋರಿಸುವ ಮುಳ್ಳು ನಿಧಾನಕ್ಕೆ ಏರಿತು, ಏರಿತು. ಅಯ್ಯೋ, ಒಮ್ಮೆ ತಡೆದುಕೊಳ್ಳಲಿ ಅಂತ ನನಗೂ ಅನ್ನಿಸಿತು. ಅವಳಿಗಾದರೂ ಗೆಲುವು ಸಿಗಲಿ ಅಂತ.

ಟಪ್ ಅಂತ ಒಡೆಯಿತು. ಹಿಂದಿನ ಮೂರಕ್ಕಿಂತ ತುಸು ಕಡಿಮೆ ಭಾರಕ್ಕೇ.

ಕಿನ್ನಿಯರ್ ಕೋಟು ಒರೆಸಿಕೊಂಡರು. ಒರೆಸಿಕೊಳ್ಳುತ್ತಲೇ ಇದ್ದರು. "ಸರಿ," ಅಂದರು ಕೊನೆಗೆ. "ಆ ಮೂರನ್ನೂ ಸೇರಿಸು. ಆದ್ರೆ ಫಸ್ಟ್ ಕ್ಲಾಸಿನ ಮಾತು ಇನ್ನು ನನ್ನ ಹತ್ರ ಎತ್ತಬೇಡ."

"ಮೂರಲ್ಲ, ನಾಲ್ಕು." ಇಶ್ಬೆಲ್ ತೋಳಿನಿಂದ ಕಣ್ಣು ಒರೆಸಿಕೊಂಡು ಪೆನ್ನು ತೆಗೆದಳು. "ನಾಲ್ಕನೇದನ್ನ ಇಟ್ಟೋರು ಯಾರು ಅಂತಾನೂ ಬರೀತೀನಿ. ನಿಮ್ಮ ಹೆಸರಲ್ಲಿ 'ಎನ್' ಒಂದಾ, ಎರಡಾ, ಡಾಕ್ಟ್ರೇ?"