ಅತ್ತಿಗೆಗೆ ಬರೆದ ಅಭ್ಯಾಸದ ಪತ್ರ

ವಿದೇಶದಲ್ಲಿ ನರ್ಸ್ ಕೆಲಸಕ್ಕೆ ಅರ್ಜಿ ಹಾಕಲು ನಾನು ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕಿತ್ತು. ಅಮ್ಮ ತೀರಿಕೊಂಡ ಮರುತಿಂಗಳೇ ಮಣಿಪಾಲದ ಒಂದು ಕೋಚಿಂಗ್ ತರಗತಿಗೆ ಸೇರಿದೆ. ಸುಮ್ಮನೆ ಕೂರುವುದಕ್ಕಿಂತ ಅದು ಸುಲಭವಾಗಿತ್ತು.

ಒಂದು ದಿನ, ಸಹಾಯ ಮಾಡಿದವರೊಬ್ಬರಿಗೆ ಧನ್ಯವಾದ ಹೇಳಿ ಪತ್ರ ಬರೆಯಬೇಕಿತ್ತು. "ಯಾಕೆ ಬರೆಯುತ್ತಿದ್ದೀರಿ ಎನ್ನುವುದು ಮೊದಲ ಸಾಲಿನಲ್ಲೇ ಬರಬೇಕು. ಪ್ರಶ್ನೆಯಲ್ಲಿ ಕೇಳಿದ ಮೂರು ವಿಷಯಗಳಲ್ಲಿ ಒಂದನ್ನೂ ಬಿಡಬಾರದು," ಎಂದರು ಮೇಡಂ. ನಾನು ಇನ್ನಂಜೆಯ ನಮ್ಮ ಮನೆಯಲ್ಲಿರುವ ಅತ್ತಿಗೆಗೆ ಬರೆದೆ. ನಾನು ಆಸ್ಪತ್ರೆಯಲ್ಲಿ ಬೇರೆಯವರ ಅಮ್ಮಂದಿರನ್ನು ನೋಡಿಕೊಳ್ಳುತ್ತಿದ್ದಾಗ, ಹಾಸಿಗೆ ಹಿಡಿದ ನನ್ನ ಅಮ್ಮನನ್ನು ನೋಡಿಕೊಂಡದ್ದು ಅವರು. ಬರೆಯುವಾಗ ನಾನು ಸ್ಪೆಲ್ಲಿಂಗ್ ಬಗ್ಗೆ ಮಾತ್ರ ಯೋಚಿಸಿದೆ. ಮೇಡಂ ಓದಿ, "ಒಂದು ತಪ್ಪೂ ಇಲ್ಲ," ಎಂದರು.

ಭಾನುವಾರ ಇನ್ನಂಜೆಗೆ ಹೋದಾಗ ಆ ಹಾಳೆ ನನ್ನ ಪುಸ್ತಕದಿಂದ ಜಾರಿ ಬಿತ್ತು. ಅತ್ತಿಗೆ ಎತ್ತಿಕೊಂಡರು.

"ಎಂತ ಇದು? ನನ್ನ ಹೆಸರುಂಟಲ್ಲ!"

"ನಿಮಗೇ ಬರೆದದ್ದು. ಪರೀಕ್ಷೆಗೆ ಅಭ್ಯಾಸ," ಎಂದೆ. 'ಕೆಲವು ವಾರ ಅಮ್ಮನನ್ನು ನೋಡಿಕೊಂಡದ್ದಕ್ಕೆ ಧನ್ಯವಾದ' ಎಂಬ ಮೊದಲ ಸಾಲಿನಿಂದ ಹಿಡಿದು ಒಂದೊಂದೇ ಸಾಲನ್ನು ತುಳುವಿನಲ್ಲಿ ಹೇಳಿದೆ. ಅವರು ಒಣಗಿದ ಬಟ್ಟೆ ಮಡಚುತ್ತ ಕೇಳಿಸಿಕೊಂಡರು.

"ಚಂದ ಉಂಟು. ಆದರೆ ಕೆಲವು ವಾರ ಅಲ್ಲ ಮಾರಾಯ್ತಿ, ಎಂಟು ತಿಂಗಳು."

ಅವರ ದನಿಯಲ್ಲಿ ಆಕ್ಷೇಪವಿರಲಿಲ್ಲ. ನಿಜ, ಎಂಟು ತಿಂಗಳು. ಪೆನ್ನು ತೆಗೆದು ತಿದ್ದಿದೆ. ಅಳು ಬರಬಹುದೆಂದು ಸ್ವಲ್ಪ ಹೊತ್ತು ಕಾದೆ; ಬರಲಿಲ್ಲ. ಅತ್ತಿಗೆ ಹಾಳೆಯನ್ನು ಕೇಳಿ ತೆಗೆದುಕೊಂಡು ಕಪಾಟಿನಲ್ಲಿ ಅಮ್ಮನ ಸೀರೆಗಳ ಮೇಲಿಟ್ಟರು.

"ಬಾ, ಊಟ ಮಾಡುವ," ಎಂದರು.